ಕಾರ್ಡಿನಲ್ಲಿರುವ ಕೊರೊನಾ ಬೇರೆ, ಕೆಮ್ಮಿನ ಕೊರೊನಾ ಬೇರೆ

ನಮ್ಮ ನಾಯಿ ರಾಜನಿಗೆ ಕೆಮ್ಮು ಶುರುವಾದದ್ದು ವಿಜಯದಶಮಿ ಕಳೆದ ಮೂರನೇ ದಿನ ರಾತ್ರಿ. ಕತ್ತನ್ನು ಮುಂದಕ್ಕೆ ಚಾಚಿ, ಮುಂಗಾಲು ಅಗಲಿಸಿ ನಿಂತು, ಗಂಟಲಿನಿಂದ ಏನನ್ನೋ ಹೊರಗೆ ತಳ್ಳುವವನ ಹಾಗೆ ಕೆಮ್ಮಿದ. ಕೊನೆಗೆ ಓಕರಿಸಿ ಒಂದಿಷ್ಟು ಬಿಳಿ ನೊರೆ ಕಾರಿದ.

"ಮೂಳೆ ಸಿಕ್ಕಾಕೊಂಡಿದೆ ಕಣೋ. ಒಂದು ತುತ್ತು ಮುದ್ದೆ ನುಂಗಿಸು, ಇಳ್ಕೊಳ್ಳುತ್ತೆ" ಅಂದರು ಅಮ್ಮ. ಅಮ್ಮನ ತವರು ಪಾಂಡವಪುರದ ಹತ್ತಿರ. ಅಲ್ಲಿ ಮನುಷ್ಯರ ಗಂಟಲಿಗೂ ನಾಯಿಯ ಗಂಟಲಿಗೂ ಇದೇ ಮದ್ದು. ರಾಜ ಮುದ್ದೆ ನುಂಗಿದ, ನೀರು ಕುಡಿದ, ಐದು ನಿಮಿಷಕ್ಕೆ ಮತ್ತೆ ಕೆಮ್ಮಿದ.

ಮೂಳೆ ಇರಲಿಲ್ಲ. ದಸರಾ ರಜೆಯಲ್ಲಿ ನಾವು ಐದು ದಿನ ಮೈಸೂರಿನಲ್ಲಿ ಇರಲಿಲ್ಲ. ರಾಜನನ್ನು ಒಂದು ಬೋರ್ಡಿಂಗ್‌ನಲ್ಲಿ ಬಿಟ್ಟಿದ್ದೆವು. ಅಲ್ಲಿ ಇಪ್ಪತ್ತರ ಮೇಲೆ ನಾಯಿಗಳಿದ್ದವು. ಒಂದೇ ಶೀಟಿನ ಸೂರು, ಒಂದೇ ಅಂಗಳ, ಸಾಲಾಗಿ ನೀರಿನ ಬಟ್ಟಲು.

ಮಾರನೇ ದಿನ ಡಾಕ್ಟರ ಹತ್ತಿರ ಹೋದಾಗ ನಾನು ಲಸಿಕೆ ಕಾರ್ಡು ತೆಗೆದು ತೋರಿಸಿದೆ. ಅದರಲ್ಲಿ ಅಂಟಿಸಿದ ಚೀಟಿಯಲ್ಲಿ ಕೊರೊನಾ ಅಂತಲೂ ಇತ್ತು. "ಎಲ್ಲಾ ಹಾಕಿಸಿದೀವಿ ಡಾಕ್ಟ್ರೇ, ಕೊರೊನಾದೂ ಆಗಿದೆ" ಅಂದೆ. "ಅದು ಹೊಟ್ಟೆಯ ಕೊರೊನಾ. ಇದು ಗಂಟಲಿನದ್ದು ಇರಬಹುದು" ಅಂದರು. ಪಕ್ಕದ ಬೆಂಚಿನಲ್ಲಿ ಪಗ್ ಹಿಡಿದು ಕೂತಿದ್ದವರು ಕೊರೊನಾ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

ಒಂದೇ ಹೆಸರು, ಮೂರು ರೋಗ. ಈ ಗೊಂದಲದಿಂದ ಎರಡು ತಪ್ಪು ಆಗುತ್ತಿವೆ. ಕಾರ್ಡಿನಲ್ಲಿ ಕೊರೊನಾ ಅಂತ ಇದೆಯಲ್ಲ ಅಂತ ಕೆಮ್ಮುವ ನಾಯಿಯನ್ನು ನಾಲ್ಕು ನಾಯಿಗಳ ನಡುವೆ ಬಿಡುತ್ತೇವೆ. ಇನ್ನೊಂದು ಕಡೆ, ಕೆಮ್ಮುವ ನಾಯಿ ಕಂಡರೆ ಕೋವಿಡ್ ಅಂತ ಹೆದರುತ್ತೇವೆ. ಎರಡರಿಂದಲೂ ತೊಂದರೆ ನಾಯಿಗೇ.

ಮೊದಲು ಕಾರ್ಡಿನ ಕೊರೊನಾ. ಇದು ನಾಯಿಯ ಕರುಳಿನ ವೈರಸ್. 1971ರಲ್ಲಿ ಜರ್ಮನಿಯಲ್ಲಿದ್ದ ಸೇನೆಯ ನಾಯಿಗಳಲ್ಲಿ ಮೊದಲು ಸಿಕ್ಕಿತು. ಮಲದಿಂದ ಹರಡುತ್ತದೆ. ಎಳೆ ಮರಿಗಳಿಗೆ ಭೇದಿ, ವಾಂತಿ ತರುತ್ತದೆ. ಹೆಚ್ಚಿನ ಮರಿಗಳು ಕೆಲವೇ ದಿನಗಳಲ್ಲಿ ಸುಧಾರಿಸಿಕೊಳ್ಳುತ್ತವೆ. ಜೊತೆಗೆ ಪಾರ್ವೋ ಅನ್ನುವ ಮಾರಕ ಭೇದಿಯ ವೈರಸ್ ಸೇರಿಕೊಂಡರೆ ಮಾತ್ರ ಕಥೆ ಬೇರೆ. ಒಂದೇ ಸೂಜಿಯಲ್ಲಿ ಹಲವು ರೋಗಕ್ಕೆ ಕೊಡುವ, 9 ಇನ್ 1 ಅಂತ ಹೇಳುವ ಕೆಲವು ಲಸಿಕೆಗಳಲ್ಲಿ ಸೇರಿರುವುದು ಇದೇ. ಸಾಕುಪ್ರಾಣಿ ವೈದ್ಯರ ವಿಶ್ವ ಸಂಘಟನೆಯಾದ ಡಬ್ಲ್ಯುಎಸ್‌ಎವಿಎ ತನ್ನ ಮಾರ್ಗಸೂಚಿಯಲ್ಲಿ ಈ ಲಸಿಕೆಯನ್ನು ಶಿಫಾರಸು ಮಾಡದ ಪಟ್ಟಿಯಲ್ಲಿ ಇಟ್ಟಿದೆ. ಲಸಿಕೆ ಕೆಟ್ಟದ್ದು ಅಂತಲ್ಲ. ರೋಗ ಸಾಮಾನ್ಯವಾಗಿ ಸೌಮ್ಯ, ಅದು ಕಾಡುವುದು ಲಸಿಕೆ ಹಾಕುವ ವಯಸ್ಸಿಗೂ ಮುಂಚೆ, ಲಸಿಕೆಯಿಂದ ರಕ್ಷಣೆ ಸಿಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಹಾಗಾಗಿ ನಿಮ್ಮ ನಾಯಿಯ ಕಾರ್ಡಿನಲ್ಲಿ ಕೊರೊನಾ ಇಲ್ಲದಿದ್ದರೆ ಚಿಂತೆ ಬೇಡ. ಇದ್ದರೆ ಅದನ್ನು ನಂಬಿ ಕೂರುವುದೂ ಬೇಡ.

ಎರಡನೆಯದು ಕೆಮ್ಮಿನ ಕೊರೊನಾ. ಇದು ಗೊತ್ತಾದದ್ದು ತೀರಾ ಈಚೆಗೆ, 2003ರಲ್ಲಿ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಅನಾಥ ನಾಯಿಗಳ ಒಂದು ಆಶ್ರಯಧಾಮದಲ್ಲಿ ಕೆಲಸ ಮಾಡುತ್ತಿದ್ದರು. ಅಲ್ಲಿನ ನಾಯಿಗಳಿಗೆ ಕೆಮ್ಮು ತರಬಲ್ಲ ಡಿಸ್ಟೆಂಪರ್, ಅಡಿನೋ, ಪ್ಯಾರಾಇನ್‌ಫ್ಲುಯೆಂಜಾ ವೈರಸ್ಸುಗಳ ಲಸಿಕೆಗಳೆಲ್ಲ ತಪ್ಪದೆ ಆಗುತ್ತಿದ್ದವು. ಆದರೂ ಕೆಮ್ಮು ನಿಲ್ಲುತ್ತಿರಲಿಲ್ಲ. ಏನಿದು ಅಂತ ಹುಡುಕಿದಾಗ ಗಾಳಿಕೊಳವೆಯಲ್ಲಿ ಹೊಸ ಕೊರೊನಾ ವೈರಸ್ ಸಿಕ್ಕಿತು. ಅಲ್ಲಿಗೆ ಬಂದ ದಿನ ಸುಮಾರು ನೂರಕ್ಕೆ 30 ನಾಯಿಗಳ ರಕ್ತದಲ್ಲಿ ಮಾತ್ರ ಈ ವೈರಸ್ಸಿಗೆ ಪ್ರತಿಕಾಯ, ಅಂದರೆ ಸೋಂಕನ್ನು ಎದುರಿಸಲು ಮೈ ತಯಾರಿಸುವ ವಸ್ತು, ಇತ್ತು. ಮೂರು ವಾರ ಕಳೆದಾಗ ನೂರಕ್ಕೆ 99ರಲ್ಲಿ ಇತ್ತು. ಅಂದರೆ ಒಳಗೆ ಕಾಲಿಟ್ಟ ನಾಯಿಗಳಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಸೋಂಕು ಮುಟ್ಟಿತ್ತು. ಬರುವಾಗ ಪ್ರತಿಕಾಯ ಇಲ್ಲದ ನಾಯಿಗಳೇ ಕಾಯಿಲೆ ಬಿದ್ದದ್ದು ಜಾಸ್ತಿ.

ನನಗೆ ಈ ಅಂಕಿ ಓದಿದಾಗ ಬೋರ್ಡಿಂಗ್‌ನ ಆ ನೀರಿನ ಬಟ್ಟಲುಗಳ ಸಾಲು ಕಣ್ಣ ಮುಂದೆ ಬಂತು. ರಾಜನಿಗೆ ಬಂದದ್ದು ಇದೇ ವೈರಸ್ ಅಂತ ನಾನು ಹೇಳಲಾರೆ, ಪರೀಕ್ಷೆ ಆಗಿಲ್ಲ. ಆದರೆ ದಾರಿ ಇದೇ. ಸೀನು, ಕೆಮ್ಮು, ಮೂಗಿಗೆ ಮೂಗು ತಾಗಿಸುವುದು, ಒಂದೇ ಬಟ್ಟಲು, ಒಂದು ನಾಯಿಯನ್ನು ಸವರಿ ಇನ್ನೊಂದನ್ನು ಸವರುವ ನಮ್ಮ ಕೈ.

ಈ ವೈರಸ್ಸಿನ ನೆಂಟಸ್ತಿಕೆ ಕೇಳಿದರೆ ದನ ಸಾಕುವ ಮಂಡ್ಯದವರಿಗೆ ಆಶ್ಚರ್ಯ ಆಗಬಹುದು. ನಾಯಿಯ ಕರುಳಿನ ಕೊರೊನಾಗೂ ಇದಕ್ಕೂ ತುಂಬಾ ದೂರ. ಎರಡೂ ಬೇರೆ ಬೇರೆ ಗುಂಪಿಗೆ ಸೇರಿದವು. ಅದಕ್ಕೇ ಆ ಲಸಿಕೆ ಇದಕ್ಕೆ ನಾಟುವುದಿಲ್ಲ. ಇದರ ಹತ್ತಿರದ ಸಂಬಂಧಿ ದನದ ಕೊರೊನಾ. ವೈರಸ್ಸಿನ ಮೈಮೇಲಿನ ಮುಳ್ಳನ್ನು ಹೋಲಿಸಿ ನೋಡಿದರೆ ದನದ್ದಕ್ಕೂ ನಾಯಿಯ ಕೆಮ್ಮಿನದ್ದಕ್ಕೂ ನೂರಕ್ಕೆ 97ರಷ್ಟು ಹೊಂದಿಕೆ ಇದೆ. ಮನುಷ್ಯರಿಗೆ ನೆಗಡಿ ತರುವ ಓಸಿ 43 ಅನ್ನುವ ಕೊರೊನಾ ಕೂಡ ಇದೇ ಬಳಗ. ಅದೂ ಸುಮಾರು 1890ರ ಹೊತ್ತಿಗೆ ದನದಿಂದ ನಮಗೆ ದಾಟಿರಬೇಕು ಅಂತ ವಿಜ್ಞಾನಿಗಳ ಲೆಕ್ಕಾಚಾರ.

ದನದ ಕೊರೊನಾ ನಮ್ಮ ಹಳ್ಳಿಗಳಿಗೆ ಹೊಸದಲ್ಲ, ಹೆಸರು ಹೊಸದು ಅಷ್ಟೇ. "ಕರು ಉಚ್ಕೊಳ್ತಾ ಇದೆ" ಅಂತ ಹೇಳುತ್ತಾರಲ್ಲ, ಆ ಭೇದಿಗೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ನಮ್ಮ ಸೋದರಮಾವನ ಮನೆಯ ನಾಯಿ ಮಲಗುವುದೇ ಕೊಟ್ಟಿಗೆಯಲ್ಲಿ, ಕರುವಿನ ಪಕ್ಕ, ಹುಲ್ಲಿನ ಮೇಲೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಕ್ಯಾನು ನೆಕ್ಕುತ್ತದೆ, ಸಗಣಿಗೂ ಮೂಗು ಇಡುತ್ತದೆ. ಪ್ರಯೋಗಕ್ಕಾಗಿ ದನದ ಕೊರೊನಾವನ್ನು ನಾಯಿಮರಿಗಳಿಗೆ ಕೊಟ್ಟಾಗ ಸೋಂಕು ಹತ್ತಿತು, ಆದರೆ ಮರಿಗಳು ಕಾಯಿಲೆ ಬೀಳಲಿಲ್ಲ. ಅಂದಮೇಲೆ ನಾಯಿಯನ್ನು ಕೊಟ್ಟಿಗೆಯಿಂದ ಓಡಿಸಬೇಕಿಲ್ಲ. ನಾಯಿಗಳ ನಡುವೆ ಓಡಾಡುತ್ತಿರುವುದು ಈಗ ನಾಯಿಯದ್ದೇ ಆದ ವೈರಸ್. ಆದರೆ ಜಾತಿಯಿಂದ ಜಾತಿಗೆ ದಾಟುವ ಗುಣ ಈ ಬಳಗಕ್ಕೆ ಇದೆ ಅನ್ನುವುದನ್ನು ಮರೆಯಬಾರದು. ದನ, ನಾಯಿ, ಮನುಷ್ಯ ಒಂದೇ ಜಗಲಿಯಲ್ಲಿ ಬದುಕುವ ಮಂಡ್ಯದಂಥ ಜಿಲ್ಲೆಯಲ್ಲಿ ಇದನ್ನು ಯಾರಾದರೂ ಕೂತು ಅಧ್ಯಯನ ಮಾಡಬೇಕು.

ಈಗ ಕೆಮ್ಮಿಗೇ ಬರೋಣ. ನಾಯಿಯ ಗಾಳಿಕೊಳವೆಯ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿವೆ. ಗಾಳಿಗೆ ಗದ್ದೆಯ ಪೈರು ಒಂದೇ ಕಡೆಗೆ ಬಾಗುವ ಹಾಗೆ ಅವು ಸದಾ ಮೇಲ್ಮುಖವಾಗಿ ಬೀಸುತ್ತಿರುತ್ತವೆ. ಉಸಿರಿನ ಜೊತೆ ಬಂದ ದೂಳು, ರೋಗಾಣು ಎಲ್ಲವನ್ನೂ ಕಫದಲ್ಲಿ ಸುತ್ತಿ ಗಂಟಲಿಗೆ ತಳ್ಳುತ್ತವೆ. ಕೆಮ್ಮಿನ ಕೊರೊನಾ ಕೈ ಹಾಕುವುದು ಇಲ್ಲಿಗೇ. ಎಳೆಗಳು ಹಾಳಾಗುತ್ತವೆ, ಗುಡಿಸುವ ಕೆಲಸ ನಿಲ್ಲುತ್ತದೆ. ಈ ವೈರಸ್ ಮಾತ್ರ ಇದ್ದರೆ ನಾಯಿ ಒಂದೆರಡು ವಾರದಲ್ಲಿ ಸರಿಹೋಗುತ್ತದೆ. ಆದರೆ ಬಾಗಿಲು ತೆರೆದಿರುವುದನ್ನು ಕಂಡು ಬೇರೆಯವರೂ ಒಳಗೆ ಬರುತ್ತಾರೆ. ಬಾರ್ಡಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ, ಮೈಕೊಪ್ಲಾಸ್ಮಾ, ಸ್ಟ್ರೆಪ್ಟೊಕಾಕಸ್, ಜೊತೆಗೆ ಪ್ಯಾರಾಇನ್‌ಫ್ಲುಯೆಂಜಾ, ಅಡಿನೋ, ನಾಯಿ ಫ್ಲೂ. ನಾವು ಸುಮ್ನೆ ಕೆನಲ್ ಕಾಫ್ ಅಂತ ಕರೆಯುವುದು ಈ ಇಡೀ ಗುಂಪಿನ ಕೆಲಸವನ್ನು. ವೈದ್ಯರು ಈಗ ಇದನ್ನು ಒಂದು ರೋಗ ಅನ್ನದೆ ಸಾಂಕ್ರಾಮಿಕ ಉಸಿರಾಟ ರೋಗಗಳ ಸಮೂಹ ಅನ್ನುವುದು ಅದಕ್ಕೇ.

ನೋಡುವವರಿಗೆ ಎಲ್ಲಾ ಕೆಮ್ಮೂ ಒಂದೇ ಥರ ಕಾಣುತ್ತದೆ. ಹಾಗಾಗಿ ಕೆಮ್ಮಿಗಿಂತ ನಾಯಿಯನ್ನು ನೋಡಬೇಕು. ರಾಜ ಕೆಮ್ಮುತ್ತಿದ್ದರೂ ಊಟ ಬಿಟ್ಟಿರಲಿಲ್ಲ, ಬಾಲ ಆಡಿಸುತ್ತಿದ್ದ. ಇದು ಸಮಾಧಾನದ ವಿಷಯ. ಡಾಕ್ಟರು ನನಗೆ ಒಂದು ಕೆಲಸ ಕೊಟ್ಟರು. ಅವನು ನಿದ್ದೆ ಮಾಡುವಾಗ ಪಕ್ಕದಲ್ಲಿ ಕೂತು, ಪಕ್ಕೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಕು. ನಿಮಿಷಕ್ಕೆ 30ರ ಒಳಗಿದ್ದರೆ ಸರಿ. ಪ್ರತಿ ರಾತ್ರಿಯೂ ಎಣಿಕೆ ಅದಕ್ಕಿಂತ ಮೇಲೆ ಹೋಗುತ್ತಿದ್ದರೆ ಶ್ವಾಸಕೋಶಕ್ಕೆ ಇಳಿದಿದೆ ಅಂತ ಅನುಮಾನ ಪಡಬೇಕು. ನಾಯಿಯ ಮೈ ಶಾಖ ನಮಗಿಂತ ಜಾಸ್ತಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲು. 103 ದಾಟಿದರೆ, ಮೂಗಿನಿಂದ ಹಳದಿ ಇಲ್ಲವೇ ಹಸಿರು ಕೀವು ಸುರಿದರೆ, ಅನ್ನ ಮುಟ್ಟದಿದ್ದರೆ, ಒಸಡು ನೀಲಿಗಟ್ಟಿದರೆ ಕಾಯಬೇಡಿ, ಅವತ್ತೇ ಹೋಗಿ. ಮರಿಗಳು, ವಯಸ್ಸಾದ ನಾಯಿಗಳು, ಪಗ್‌ನಂಥ ಚಪ್ಪಟೆ ಮೂಗಿನವು ಬೇಗ ಸೋಲುತ್ತವೆ. ಮನೆಯಲ್ಲಿ ಹಳೇ ಪಾಮೇರಿಯನ್ ಇದ್ದು ತಿಂಗಳುಗಟ್ಟಲೆ ಕೆಮ್ಮುತ್ತಿದ್ದರೆ ಅದು ಸೋಂಕೇ ಅಲ್ಲದಿರಬಹುದು. ಆ ತಳಿಯಲ್ಲಿ ಗಾಳಿಕೊಳವೆ ಕುಸಿಯುವುದು, ಹೃದಯದ ತೊಂದರೆ ಎರಡೂ ಕೆಮ್ಮಾಗಿಯೇ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮನೆಯ ಡಬ್ಬದಲ್ಲಿರುವ ಮಾತ್ರೆ, ಸಿರಪ್ಪು ನಾಯಿಗೆ ಹಾಕಬೇಡಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದದ್ದೂ ಬೇಡ. ಪ್ಯಾರಾಸಿಟಮಾಲ್ ನಾಯಿಯ ಪಿತ್ತಜನಕಾಂಗ ಕೆಡಿಸುತ್ತದೆ, ರಕ್ತ ಆಮ್ಲಜನಕ ಹೊರುವುದನ್ನೂ ತಡೆಯುತ್ತದೆ. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ನಿಲ್ಲಿಸುತ್ತದೆ. ನೆಗಡಿ ಕೆಮ್ಮಿನ ಎಷ್ಟೋ ಸಿರಪ್ಪುಗಳಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಸಕ್ಕರೆ ಇಲ್ಲದ ಸಿರಪ್ಪಿನಲ್ಲಿ ಝೈಲಿಟಾಲ್ ಅನ್ನುವ ಸಿಹಿಕಾರಕ ಇದ್ದರೆ ಅದೂ ನಾಯಿಗೆ ವಿಷ. ಕೆಮ್ಮಿನಿಂದ ಸಾಯದಿದ್ದ ನಾಯಿ ನಮ್ಮ ಪ್ರೀತಿಯಿಂದ ಸಾಯಬಾರದು.

ಆಂಟಿಬಯೋಟಿಕ್ ಕೂಡ ಕೇಳಿ ಬರೆಸಿಕೊಳ್ಳುವ ಅಭ್ಯಾಸ ನಮಗಿದೆ. ಜ್ವರ ಇಲ್ಲದ, ಊಟ ಮಾಡುತ್ತಿರುವ ನಾಯಿಗೆ ಮೊದಲ 10 ದಿನ ಅದು ಬೇಕಾಗಿಲ್ಲ ಅಂತಲೇ ಸಾಕುಪ್ರಾಣಿಗಳ ಸೋಂಕು ರೋಗ ತಜ್ಞರ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬೇಕಾದರೆ ಯಾವುದು, ಎಷ್ಟು ದಿನ ಅನ್ನುವುದು ಡಾಕ್ಟರು ಪರೀಕ್ಷೆ ಮಾಡಿ ಹೇಳಲಿ. ರಾಜನಿಗೆ ಕೊಟ್ಟದ್ದು ವಿಶ್ರಾಂತಿ, ಉಗುರುಬೆಚ್ಚಗಿನ ಅನ್ನದ ಗಂಜಿಯಂಥ ಮೆತ್ತನೆ ಊಟ, ಕತ್ತಿನ ಬೆಲ್ಟ್ ಬಿಚ್ಚಿ ಎದೆಗೆ ಹಾಕುವ ಪಟ್ಟಿ. ಕತ್ತಿನ ಬೆಲ್ಟ್ ಎಳೆದಾಗಲೆಲ್ಲ ಕೆಮ್ಮು ಕೆರಳುತ್ತದೆ, ಗಮನಿಸಿ ನೋಡಿ. ಹೊಗೆಯೂ ಹಾಗೇ. ಅಗರಬತ್ತಿ, ಸೊಳ್ಳೆ ಬತ್ತಿ, ಹಳ್ಳಿಯಲ್ಲಾದರೆ ಆಲೆಮನೆಯ ಒಲೆ. ಕೆಮ್ಮುವ ನಾಯಿಯನ್ನು ಹೊಗೆಯಿಂದ ದೂರ ಕಟ್ಟಿ.

ಮೂರನೆಯದು ಕೋವಿಡ್. 2020ರ ಮಾರ್ಚ್ ನೆನಪಿದೆಯಲ್ವಾ? ಆ ತಿಂಗಳೇ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿ ಜ್ವರ ಅಂತ ಕೋಳಿಗಳನ್ನು ಕೊಲ್ಲಬೇಕಾಗಿ ಬಂತು. ಪ್ರಾಣಿ ಅಂದರೆ ಭಯ ಅನ್ನುವ ಸ್ಥಿತಿ. ಅದೇ ಹೊತ್ತಿಗೆ ಹಾಂಗ್‌ಕಾಂಗ್‌ನಲ್ಲಿ 17 ವರ್ಷದ ಒಂದು ಪಾಮೇರಿಯನ್‌ಗೆ ಕೋವಿಡ್ ಪತ್ತೆಯಾದ ಸುದ್ದಿ ಬಂತು. ಆ ನಾಯಿಗೆ ಸೋಂಕು ಬಂದದ್ದು ಮನೆಯವರಿಂದ. ಮನೆಯವರಿಗೆ ನಾಯಿಯಿಂದ ಬಂದದ್ದಲ್ಲ. ಅಲ್ಲಿ ಸೋಂಕಿತರ ಮನೆಗಳ 15 ನಾಯಿಗಳನ್ನು ಪರೀಕ್ಷಿಸಿದಾಗ ಸೋಂಕು ಕಂಡದ್ದು ಎರಡರಲ್ಲಿ ಮಾತ್ರ. ಅದೇ ವರ್ಷ ಚೀನಾದ ಹಾರ್ಬಿನ್‌ನಲ್ಲಿ ನಡೆದ ಪ್ರಯೋಗದಲ್ಲೂ ವೈರಸ್ ಬೆಕ್ಕಿನಲ್ಲಿ ಚೆನ್ನಾಗಿ ಬೆಳೆಯಿತು, ನಾಯಿಯಲ್ಲಿ ಬೆಳೆಯಲು ಕಷ್ಟಪಟ್ಟಿತು. ದೊಡ್ಡ ಬೆಕ್ಕುಗಳ ಕಥೆ ನಮ್ಮ ದೇಶದಲ್ಲೇ ಕಂಡಿತು. 2021ರ ಮೇನಲ್ಲಿ ಹೈದರಾಬಾದ್ ಮೃಗಾಲಯದ ಎಂಟು ಸಿಂಹಗಳಿಗೆ, ಮುಂದಿನ ತಿಂಗಳು ಚೆನ್ನೈನ ವಂಡಲೂರಿನ ಸಿಂಹಗಳಿಗೆ ಕೋವಿಡ್ ಬಂತು. ಪ್ರಾಣಿಗಳಿಗೆಂದೇ ಅನೊಕೊವ್ಯಾಕ್ಸ್ ಅನ್ನುವ ಲಸಿಕೆಯನ್ನು ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರ ತಯಾರಿಸಿ 2022ರ ಜೂನ್‌ನಲ್ಲಿ ಬಿಡುಗಡೆ ಮಾಡಿತು. ನಿಮ್ಮ ಮನೆಯ ನಾಯಿಗೆ ಅದು ಬೇಕಾಗಿಲ್ಲ. ಮನೆಯಲ್ಲಿ ಯಾರಿಗಾದರೂ ಕೋವಿಡ್ ಬಂದರೆ ಅವರು ಗುಣವಾಗುವವರೆಗೆ ನಾಯಿಯಿಂದಲೂ ದೂರ ಇರಲಿ, ಅಷ್ಟು ಸಾಕು. ಆ ವರ್ಷ ಹೆದರಿ ಬೀದಿಗೆ ಬಿಟ್ಟ ನಾಯಿಗಳನ್ನು ನಾನು ಕಂಡಿದ್ದೇನೆ. ಕತ್ತಿನಲ್ಲಿ ಬೆಲ್ಟ್ ಹಾಗೇ ಇತ್ತು. ಬೀದಿಯಲ್ಲಿ ಹೇಗೆ ಬದುಕಬೇಕು ಅಂತ ಅವಕ್ಕೆ ಗೊತ್ತಿರಲಿಲ್ಲ.

ಹಾಗಾದರೆ ಕೆಮ್ಮಿಗೆ ಲಸಿಕೆಯೇ ಇಲ್ಲವಾ? ಗುಂಪಿನಲ್ಲಿ ಕೆಲವಕ್ಕೆ ಇದೆ. ಬಾರ್ಡಟೆಲ್ಲಾ, ಪ್ಯಾರಾಇನ್‌ಫ್ಲುಯೆಂಜಾಗೆ ಮೂಗಿಗೆ ಬಿಡುವ ಹನಿ ಲಸಿಕೆ ಇದೆ. ಬೋರ್ಡಿಂಗ್‌ಗೆ ಬಿಡುವ ಯೋಚನೆ ಇದ್ದರೆ ಮುಂಚೆಯೇ ಹಾಕಿಸುವುದು ಒಳ್ಳೆಯದು. ಕೆಮ್ಮು ಬರುವುದೇ ಇಲ್ಲ ಅಂತಲ್ಲ, ಬಂದರೂ ಜೋರಾಗದು. ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಡಿಸ್ಟೆಂಪರ್ ಲಸಿಕೆ. ಡಿಸ್ಟೆಂಪರ್ ಕೂಡ ಶುರುವಾಗುವುದು ಕೆಮ್ಮು, ಕಣ್ಣು ಮೂಗಿನ ಕೀವಿನಿಂದಲೇ. ಎರಡು ವಾರ ಕಳೆದು ಕಾಲು ಸೆಳೆಯುತ್ತದೆ, ದವಡೆ ಅದುರುತ್ತದೆ, ಫಿಟ್ಸ್ ಬರುತ್ತದೆ. ಆಮೇಲೆ ಉಳಿಸಿಕೊಳ್ಳುವುದು ಬಹಳ ಕಷ್ಟ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಸಿಕ್ಕ ರೋಗಾಣುಗಳಲ್ಲಿ ಇದೂ ಇತ್ತು. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಮೊದಲ ಸೂಜಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೆ. ತಾಯಿ ಹಾಲಿನಿಂದ ಬಂದ ಪ್ರತಿಕಾಯ ಮೊದಲ ಸೂಜಿಗಳನ್ನು ಕೆಲಸ ಮಾಡಲು ಬಿಡದೆ ಇರಬಹುದು. ಅದಕ್ಕೇ ಕೊನೆಯದನ್ನು ತಪ್ಪಿಸಬಾರದು. ಎರಡು ಹಾಕಿಸಿ, ಮೂರನೆಯದು ಬಿಟ್ಟ ಕಾರ್ಡುಗಳು ನಮ್ಮಲ್ಲಿ ಎಷ್ಟಿಲ್ಲ!

ಬೋರ್ಡಿಂಗ್ ನಡೆಸುವವರ ಮೇಲೆ ನನಗೆ ಕೋಪ ಇಲ್ಲ. ದಸರಾ, ಬೇಸಿಗೆ ರಜೆ ಬಂದರೆ ಜಾಗ ಸಾಲುವುದಿಲ್ಲ. ಆದರೆ ಮೂರು ವಿಷಯ ಕೇಳುವ ಹಕ್ಕು ನಮಗಿದೆ. ಕೆಮ್ಮುವ ನಾಯಿಯನ್ನು ಬೇರೆ ಇಡುವ ಕೋಣೆ ಇದೆಯಾ? ಬಟ್ಟಲು ಬೇರೆ ಬೇರೆಯಾ? ಗಾಳಿ ಆಡುತ್ತದೆಯಾ? ಕೊರೊನಾ ವೈರಸ್ಸಿನ ಹೊದಿಕೆ ಕೊಬ್ಬಿನದ್ದು, ಸೋಪು ನೀರಿಗೇ ಕರಗುತ್ತದೆ. ಬಟ್ಟಲು ತೊಳೆಯುವುದಕ್ಕೆ ದೊಡ್ಡ ಖರ್ಚಿಲ್ಲ. ನಾನು ಬಿಡುವ ಮುಂಚೆ ಇದ್ಯಾವುದನ್ನೂ ಕೇಳಿರಲಿಲ್ಲ.

ಬಂದಮೇಲೂ ಒಂದು ತಪ್ಪು ಮಾಡಿದೆ. ಎರಡು ವಾರ ರಾಜನನ್ನು ಕುಕ್ಕರಹಳ್ಳಿ ಕೆರೆ ಕಡೆ ಕರೆದುಕೊಂಡು ಹೋಗಲಿಲ್ಲ, ಅದು ಸರಿ. ಆದರೆ ಗೇಟಿನ ಸರಳುಗಳ ಬಗ್ಗೆ ಯೋಚನೆ ಬರಲಿಲ್ಲ. ನಮ್ಮ ಬೀದಿ ನಾಯಿ ಕೆಂಪಿ ದಿನಾ ಸಂಜೆ ಬಂದು ಗೇಟಿಗೆ ಮೂಗು ಇಡುತ್ತಾಳೆ, ರಾಜ ಒಳಗಿನಿಂದ ಮೂಗು ಇಡುತ್ತಾನೆ. ಒಂಬತ್ತನೇ ದಿನ ಕೆಂಪಿ ಕೆಮ್ಮಿದಳು. ಅವಳಿಗೆ ಮೋರಿ ಚಪ್ಪಡಿಯ ಕೆಳಗೆ ಮೂರು ಮರಿಗಳಿದ್ದವು, ಆರು ವಾರದವು.

ಕೆಂಪಿ ತಾನಾಗಿ ಚೇತರಿಸಿಕೊಂಡಳು. ಮರಿಗಳಲ್ಲಿ ಸಣ್ಣದಾಗಿದ್ದ ಬಿಳಿಯದು ಹಾಲು ಬಿಟ್ಟಿತು. ಎತ್ತಿಕೊಂಡಾಗ ಮೈ ಸುಡುತ್ತಿತ್ತು, ಪಕ್ಕೆ ಎಷ್ಟು ಬೇಗ ಹೊಡೆದುಕೊಳ್ಳುತ್ತಿತ್ತು ಅಂದರೆ ಎಣಿಸಲು ಆಗಲಿಲ್ಲ. ನ್ಯುಮೋನಿಯಾ ಅಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರು, ರಾತ್ರಿ ರಟ್ಟಿನ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿ ಇಟ್ಟು ಮಲಗಿಸಿದೆವು. ಮೂರನೇ ದಿನ ಬೆಳಗಿನ ಜಾವ ಹೋಯಿತು. ಆ ಮರಿಯನ್ನು ಕೊಂದದ್ದು ಯಾವ ರೋಗಾಣು ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಮೂಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸುವುದು ಬೀದಿ ನಾಯಿಮರಿಗೆ ಇರಲಿ, ಸಾಕಿದ ನಾಯಿಗೂ ನಮ್ಮೂರಿನಲ್ಲಿ ರೂಢಿ ಇಲ್ಲ. ಪಶುವೈದ್ಯಕೀಯ ಕಾಲೇಜು ಅಂದರೆ ಹಾಸನ, ಇಲ್ಲವೇ ಬೆಂಗಳೂರಿನ ಹೆಬ್ಬಾಳ.

ಪರೀಕ್ಷೆ ಯಾಕೆ ಬೇಕು ಅನ್ನುವುದಕ್ಕೆ ಮಲೇಷ್ಯಾದ ಉದಾಹರಣೆ ಇದೆ. ಸರವಾಕ್‌ನಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ್ದ 301 ಜನರ ಮಾದರಿಗಳನ್ನು ತೆಗೆದಿಟ್ಟಿದ್ದರು. ಆಮೇಲೆ ಪರೀಕ್ಷಿಸಿದಾಗ ಎಂಟು ಜನರಲ್ಲಿ ನಾಯಿಯ ಕೊರೊನಾ ಹೋಲುವ ವೈರಸ್ ಕಂಡಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅದು ಕೆಮ್ಮಿನ ಕೊರೊನಾ ಅಲ್ಲ, ಕರುಳಿನ ಕೊರೊನಾ ಗುಂಪಿನದ್ದು, ಬೆಕ್ಕಿನ ಕೊರೊನಾದ ತುಂಡೂ ಬೆರೆತಿತ್ತು. ಎಲ್ಲರೂ ಗುಣವಾಗಿ ಮನೆಗೆ ಹೋಗಿದ್ದರು. ಅವರಿಂದ ಬೇರೆಯವರಿಗೆ ಹರಡಿದ್ದಕ್ಕೂ ಅವರ ಕಾಯಿಲೆಗೆ ಅದೇ ಕಾರಣ ಅನ್ನುವುದಕ್ಕೂ ಪುರಾವೆ ಸಿಗಲಿಲ್ಲ. 2021ರಲ್ಲಿ ಇದು ಪ್ರಕಟವಾಯಿತು. ಹೆದರಿಸಲು ಹೇಳುತ್ತಿಲ್ಲ. ಯಾರೋ ಮಾದರಿ ಜೋಪಾನ ಮಾಡಿದ್ದರಿಂದ, ಯಾರೋ ಕುತೂಹಲದಿಂದ ನೋಡಿದ್ದರಿಂದ ಇಷ್ಟಾದರೂ ತಿಳಿಯಿತು. ಮೈಸೂರು, ಮಂಡ್ಯದ ಪಶು ಆಸ್ಪತ್ರೆಗಳಿಂದ ಚಳಿಗಾಲದಲ್ಲಿ ವಾರಕ್ಕೆ ನಾಲ್ಕೇ ಮಾದರಿ ಹೆಬ್ಬಾಳಕ್ಕೆ ಹೋದರೂ ನಮ್ಮ ನಾಯಿಗಳ ಗಂಟಲಿನಲ್ಲಿ ಏನಿದೆ ಅನ್ನುವ ಚಿತ್ರ ಎರಡು ವರ್ಷದಲ್ಲಿ ಸಿಕ್ಕೀತು.

ಉಳಿದ ಎರಡು ಮರಿಗಳಿಗೆ ದೀಪಾವಳಿ ಕಳೆದು, ಕೆಮ್ಮು ಪೂರ್ತಿ ನಿಂತಮೇಲೆ ಮೊದಲ ಸೂಜಿ ಆಯಿತು. ಡಾಕ್ಟರು ಎರಡು ಹೊಸ ಕಾರ್ಡು ಕೊಟ್ಟರು. ಮಾಲೀಕರ ಹೆಸರು ಅನ್ನುವ ಕಡೆ ಏನು ಬರೆಯುವುದು ಅಂತ ನಾನು ಯೋಚಿಸುತ್ತಿದ್ದಾಗ ಎದುರು ಮನೆಯ ಹುಡುಗಿ ಪೆನ್ನು ಕಸಿದುಕೊಂಡು ನಮ್ಮ ಬೀದಿಯ ಆರು ಮನೆಯವರ ಹೆಸರನ್ನೂ ಬರೆದಳು. ಜಾಗ ಸಾಲದೆ ಕೊನೆಯ ಎರಡು ಹೆಸರು ಅಂಚಿಗೆ ಹೋದವು. ಮುಂದಿನ ಸೂಜಿಯ ದಿನ ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೂ ಅವಳ ಮನೆಯದರಲ್ಲೂ ಗುರುತು ಹಾಕಿದ್ದೇವೆ. ಮೂರನೆಯದಕ್ಕೂ ಹಾಕಿದ್ದೇವೆ.